ಮೇಲಿನ ಮಂಚದ ಚರಿತ್ರೆ ಮತ್ತು ಮೂರೂವರೆ ಇಂಚು

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ರಾತ್ರಿ, ಸುಮಾರು ಎರಡು ಗಂಟೆಗೆ, ಸೋಲಾಪುರದ ನಮ್ಮ ಬಾಡಿಗೆ ಮನೆಯಲ್ಲಿ ಮಗನ ದನಿ ಕೇಳಿ ಎಚ್ಚರವಾಯಿತು. ಜೋರಾದ ಅಳು ಅಲ್ಲ, ಉಸಿರು ಕಟ್ಟಿದಂತಹ ಸಣ್ಣ ನರಳಾಟ. ಲೈಟ್ ಹಾಕಿ ನೋಡಿದರೆ ಎರಡಂತಸ್ತಿನ ಮಂಚದ ಮೇಲಿನ ಅಂತಸ್ತಿನಿಂದ ಅವನ ಎರಡೂ ಕಾಲು ಹೊರಗೆ ನೇತಾಡುತ್ತಿವೆ. ಸೊಂಟ, ಹೊಟ್ಟೆ ರೇಲಿಂಗ್‌ನ ಕೆಳಗಿನ ಸಂದಿನಿಂದ ಜಾರಿ ಹೊರಬಂದು, ಎದೆಯ ಹತ್ತಿರ ಸಿಕ್ಕಿಹಾಕಿಕೊಂಡಿದ್ದಾನೆ. ನಾನು ಕೆಳಗಿನಿಂದ ಕಾಲು ಎತ್ತಿ ಹಿಡಿದೆ, ಹೆಂಡತಿ ಏಣಿ ಹತ್ತಿ ಮೇಲಿನಿಂದ ಎಳೆದಳು. ಪಕ್ಕೆಯಲ್ಲಿ ಎರಡು ಕೆಂಪು ಗೆರೆ ಬಿಟ್ಟರೆ ಬೇರೇನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಇನ್ನು ನಾಲ್ಕು ಬೆರಳು ಜಾರಿದ್ದರೆ ಆ ಸಂದಿಗೆ ಸಿಕ್ಕುತ್ತಿದ್ದದ್ದು ಎದೆಯಲ್ಲ, ಕುತ್ತಿಗೆ.

ಆ ಮಂಚದ ಅಳತೆ ಕೊಟ್ಟವನು ನಾನೇ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ಮಗ್ಗದ ಯಂತ್ರಗಳ ರಿಪೇರಿಯಲ್ಲಿ ಹತ್ತು ವರ್ಷ ಕಳೆದವನು. ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾ ಹೋದಾಗ, ಮಂಚದ ಮೇಲೊಂದು ಮಂಚ ಇಡುವುದಕ್ಕೇ ಒಂದು ಚರಿತ್ರೆ ಇದೆ, ಅದರಲ್ಲಿ ಮಕ್ಕಳು ಬಹಳ ತಡವಾಗಿ ಬರುತ್ತಾರೆ ಎಂದು ಗೊತ್ತಾಯಿತು.

ಅಕ್ಕಲಕೋಟದಲ್ಲಿ ಮಾಡಿಸಿದ ಮಂಚ

ನನ್ನ ಉಪ್ಪನದು ಬಂಟ್ವಾಳ ಕಡೆ ಸಣ್ಣ ದಿನಸಿ ಅಂಗಡಿ. ನಾನು ಕೆಲಸಕ್ಕೆ ಬಂದದ್ದು ಸೋಲಾಪುರದ ಅಕ್ಕಲಕೋಟ ರೋಡಿನ ಎಂಐಡಿಸಿಗೆ. ಟವೆಲ್, ಚಾದರ್ ನೇಯುವ ಪವರ್‌ಲೂಮ್ ಶೆಡ್‌ಗಳ ಜಾಗ ಅದು. ಮನೆ ಎರಡು ಕೋಣೆಯದು. ಎಂಟು ವರ್ಷದ ಮಗಳು, ಐದು ವರ್ಷದ ಮಗ. ಸ್ಥಳ ಉಳಿಸಲು ಬಂಕ್ ಬೆಡ್ ಮಾಡಿಸೋಣ ಎಂದಾಗ ಊರಿನಲ್ಲಿದ್ದ ಉಮ್ಮ ಫೋನಿನಲ್ಲೇ ನಕ್ಕರು. ನಮ್ಮೂರಲ್ಲಿ ಬಂಕ್ ಅಂದರೆ ಪೆಟ್ರೋಲ್ ಬಂಕ್ ತಾನೆ!

ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ತಮ್ಮ ಊರಾದ ಅಕ್ಕಲಕೋಟದ ಒಂದು ವೆಲ್ಡಿಂಗ್ ಶೆಡ್‌ಗೆ ಕರೆದೊಯ್ದರು. ಸೋಲಾಪುರದಿಂದ ಸುಮಾರು 40 ಕಿಲೋಮೀಟರ್. ಭೋಸಲೆ ಮನೆತನದ ಸಂಸ್ಥಾನವಾಗಿದ್ದ ಈ ಊರು 1948ರಲ್ಲಿ ಅಂದಿನ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1967ರ ಮಹಾಜನ್ ಆಯೋಗ ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಕೊಡಬೇಕೆಂದು ಶಿಫಾರಸು ಮಾಡಿದ್ದರೂ ಅದು ಮಹಾರಾಷ್ಟ್ರದಲ್ಲೇ ಉಳಿದಿದೆ. ಇಂದಿಗೂ ಅಲ್ಲಿನ ಸಂತೆಯಲ್ಲಿ, ಶೆಡ್‌ನಲ್ಲಿ ಕನ್ನಡವೇ ಕಿವಿಗೆ ಬೀಳುತ್ತದೆ.

ಶೆಡ್‌ನ ಹಿರಿಯರು ನನ್ನ ಚೀಟಿ ನೋಡಿ, "ಏನ್ ಚಿಂತಿ ಮಾಡಬ್ಯಾಡ್ರಿ ಭಾಯ್, ಮ್ಯಾಲ ಇಬ್ಬರು ಪೈಲ್ವಾನ್ರು ಮಲಗಿದ್ರೂ ಏನೂ ಆಗಂಗಿಲ್ಲ" ಅಂದರು. ಅವರ ಮಾತು ನಿಜವೇ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರು ಉಳಿಯುವ ಕೋಣೆಗಳಿಗೆ ಕಬ್ಬಿಣದ ಮಂಚ ಮಾಡಿ ಪಳಗಿದ ಕೈ. ಆದರೆ ಆ ಮಂಚಗಳೆಲ್ಲ ದೊಡ್ಡವರಿಗೆ. ನಾನು ಕೂಡ ಭಾರ, ಪೈಪಿನ ದಪ್ಪ, ವೆಲ್ಡಿಂಗ್ ಇಷ್ಟನ್ನೇ ಯೋಚಿಸಿದ್ದೆ. ಪೈಲ್ವಾನನಿಗೆ ಸಾಕಾಗುವ ಮಂಚ ಮಗುವಿಗೂ ಸಾಕು ಎಂದುಕೊಂಡಿದ್ದೆ.

ನೆಲ, ಅಟ್ಟ, ಹಡಗು

ನಮ್ಮ ಹಿರಿಯರ ಮನೆಗಳಲ್ಲಿ ಮಕ್ಕಳ ಜಾಗ ತೊಟ್ಟಿಲು, ಆಮೇಲೆ ನೆಲದ ಚಾಪೆ. ಮಂಚ ಇದ್ದರೆ ಒಂದು, ಅದು ಮನೆಯ ಹಿರಿಯರಿಗೆ. ಅಟ್ಟ ಇತ್ತು, ಆದರೆ ಅದು ತೆಂಗಿನಕಾಯಿ, ಅಕ್ಕಿಮುಡಿ, ಹಳೆಯ ಪಾತ್ರೆಗಳಿಗೆ. ಚಾಪೆಯಿಂದ ಉರುಳಿದರೆ ಪಕ್ಕದವನ ಮೇಲೆ ಬೀಳುತ್ತಿದ್ದೆವು, ಅಷ್ಟೇ.

ಒಂದರ ಮೇಲೊಂದು ಮಲಗುವುದನ್ನು ಲೋಕಕ್ಕೆ ಕಲಿಸಿದವುಗಳಲ್ಲಿ ಮುಖ್ಯವಾದದ್ದು ಹಡಗು. ಜಾಗ ಕಡಿಮೆ, ಜನ ಹೆಚ್ಚು. ಹಡಗು ಓಲಾಡುವಾಗ ಮಲಗಿದವನು ಉರುಳದಿರಲು ಬಂಕ್‌ನ ಅಂಚಿಗೆ ಒಂದು ಹಲಗೆ ಎತ್ತಿ ನಿಲ್ಲಿಸುತ್ತಿದ್ದರು. ಇಂದಿನ ರೇಲಿಂಗ್‌ನ ಅಜ್ಜ ಅದೇ. ಮುಂಬೈಯಿಂದ ಜಿದ್ದಾಕ್ಕೆ ಹಜ್ ಹಡಗು 1995ರವರೆಗೂ ಹೋಗುತ್ತಿತ್ತು. ನಮ್ಮ ಅನೇಕ ಮನೆಗಳಲ್ಲಿ ಆ ಪ್ರಯಾಣದ ಕತೆಗಳನ್ನು ಹೇಳುವವರು ಇನ್ನೂ ಇದ್ದಾರೆ. ಅಲ್ಲೂ ಹೆಚ್ಚಿನವರು ದೊಡ್ಡವರೇ.

ಮಗ್ಗ ಮಲಗುವ ಜಾಗ ತಿಂದ ಊರು

ಸೋಲಾಪುರದ ಚರಿತ್ರೆಯಲ್ಲಿ ಜಾಗದ ಕೊರತೆ ಹಳೆಯದು. ರೈಲು ಇಲ್ಲಿಗೆ 1860ರಲ್ಲಿ ಬಂತು. 1877ರಲ್ಲಿ ಮೊದಲ ದೊಡ್ಡ ನೂಲಿನ ಗಿರಣಿ ಶುರುವಾಯಿತು. ಸುತ್ತಲ ಮರಾಠಿ, ಕನ್ನಡ ಹಳ್ಳಿಗಳಿಂದ ಕೂಲಿಕಾರರು ಬಂದರು, ತೆಲಂಗಾಣ ಕಡೆಯಿಂದ ಪದ್ಮಶಾಲಿ ನೇಕಾರರು ಬಂದರು. ನೇಕಾರರ ಮನೆಯೆಂದರೆ ಕೆಲಸದ ಜಾಗವೂ ಹೌದು. ಮಗ್ಗಕ್ಕೆ ನೆಲ ಹೋದ ಮೇಲೆ ಉಳಿದ ಜಾಗದಲ್ಲಿ ಅಡುಗೆ, ಊಟ, ನಿದ್ದೆ. ಭೌಗೋಳಿಕ ಮಾನ್ಯತೆ ಪಡೆದ ಸೋಲಾಪುರ ಚಾದರ್ ನಾಡಿನ ಎಷ್ಟೋ ಮನೆಗಳಿಗೆ ಹಾಸಿಗೆಯಾಯಿತು, ಅದನ್ನು ನೇಯ್ದವರಿಗೆ ಮಾತ್ರ ಕಾಲು ಚಾಚಲು ಜಾಗ ಇರಲಿಲ್ಲ.

ನಮಗೆ ಹತ್ತಿರವಾದ ಇನ್ನೊಂದು ಕತೆ ಬೀಡಿಯದು. ನಮ್ಮ ಉಮ್ಮಂದಿರು ಜಗಲಿಯಲ್ಲಿ ಕೂತು ಬೀಡಿ ಕಟ್ಟಿದಂತೆಯೇ ಸೋಲಾಪುರದಲ್ಲೂ ಸಾವಿರಾರು ಹೆಂಗಸರು ಕಟ್ಟುತ್ತಾರೆ. ಮಾಜಿ ಶಾಸಕ ನರ್ಸಯ್ಯ ಆಡಂ ಅವರ ನೇತೃತ್ವದ ಹೋರಾಟದಿಂದ ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಬೀಡಿ ಹೆಂಗಸರಿಗಾಗಿ ಹತ್ತು ಸಾವಿರ ಮನೆಗಳ ಗೋದೂತಾಯಿ ಪರುಳೇಕರ್ ವಸಾಹತು ಎದ್ದಿತು. 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಬಂದು ಮನೆಗಳನ್ನು ಹಸ್ತಾಂತರಿಸಿದರು. ಅದೇ ಕುಂಭಾರಿಯ ರೇ ನಗರದಲ್ಲಿ 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ 15,000 ಮನೆಗಳನ್ನು ಲೋಕಾರ್ಪಣೆ ಮಾಡಿದರು. ಸ್ವಂತ ಮನೆ ಎಂಬುದು ಆ ಹೆಂಗಸರಿಗೆ ಎಷ್ಟು ದೊಡ್ಡದೆಂದು ಬೀಡಿ ಕಟ್ಟುವ ಮನೆಯಲ್ಲಿ ಬೆಳೆದ ನನಗೆ ಗೊತ್ತು. ಆದರೆ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಡವರ ಮನೆಯ ಒಳ ಅಳತೆ ಸುಮಾರು 30 ಚದರ ಮೀಟರ್, ಅಂದರೆ 320 ಚದರ ಅಡಿ. ಇಂತಹ ಮನೆಯಲ್ಲಿ ಮಕ್ಕಳಿಗೆ ಓದುವ ಜಾಗ ಬೇಕೆಂದರೆ ಮಂಚ ಮೇಲಕ್ಕೆ ಹೋಗಲೇಬೇಕು. ಬಂಕ್ ಬೆಡ್ ಶ್ರೀಮಂತರ ಷೋಕಿ ಎಂದು ನಾವು ತಿಳಿದಿದ್ದರೆ ಅದು ತಪ್ಪು. ಅದು ಹೆಚ್ಚು ಬೇಕಾದದ್ದು ಸಣ್ಣ ಮನೆಗೆ.

ರೈಲಿನ ಬರ್ತ್ ಕಲಿಸಿದ್ದು

ನಾವೆಲ್ಲರೂ ಕಂಡ ಮೇಲಿನ ಮಂಚ ರೈಲಿನದು. ಊರಿಗೆ ಬರುವಾಗ ಸೋಲಾಪುರದಿಂದ ಹುಬ್ಬಳ್ಳಿವರೆಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಮಲಗಿ, ಅಲ್ಲಿಂದ ನಾವು ಬಸ್ಸು ಹಿಡಿಯುತ್ತೇವೆ. ಮೊದಲು ಎರಡನೇ ದರ್ಜೆಯ ಬರ್ತ್ ಬರೀ ಮರದ ಹಲಗೆ. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ, ಮುಂದೆ ಕೊಂಕಣ ರೈಲ್ವೆಗಾಗಿ ದುಡಿದವರು, ಆ ಹಲಗೆಗೆ ಎರಡು ಇಂಚು ಫೋಮ್ ಹಾಕಿಸಿದರು. ಬಡ ಪ್ರಯಾಣಿಕನ ಬೆನ್ನಿನ ಬಗ್ಗೆ ಯೋಚಿಸಿದ ಮಂತ್ರಿ ಎಂದು ಇಂದಿಗೂ ಅವರನ್ನು ನೆನೆಯುತ್ತಾರೆ.

ಮನೆಯ ಮಂಚದಲ್ಲಿ ಈ ಇಂಚುಗಳ ಲೆಕ್ಕ ಬೇರೆ. ರೇಲಿಂಗ್ ಇರುವಲ್ಲಿ ಹಾಸಿಗೆ ದಪ್ಪವಾದಷ್ಟು ರೇಲಿಂಗ್ ಗಿಡ್ಡವಾಗುತ್ತದೆ. ನಾಲ್ಕು ಇಂಚಿನ ಹಾಸಿಗೆ ತೆಗೆದು ಎಂಟು ಇಂಚಿನದು ಹಾಕಿದರೆ ಮಗುವಿನ ರಕ್ಷಣೆಯಲ್ಲಿ ನಾಲ್ಕು ಇಂಚು ಕಳೆದಂತೆ.

ರೈಲಿನ ಇನ್ನೊಂದು ಪಾಠ ಕೊಂಡಿಯದು. 2024ರ ಜೂನ್‌ನಲ್ಲಿ ಕೇರಳದಿಂದ ದಿಲ್ಲಿಗೆ ಹೋಗುತ್ತಿದ್ದ ರೈಲಿನಲ್ಲಿ ಮೇಲಿನ ಬರ್ತ್ ಕಳಚಿ ಬಿದ್ದು, ಕೆಳಗಿನ ಬರ್ತ್‌ನಲ್ಲಿದ್ದ ಕೇರಳದ ಪ್ರಯಾಣಿಕರೊಬ್ಬರು ತೀರಿಕೊಂಡರು. ಬರ್ತ್ ಕೆಟ್ಟಿರಲಿಲ್ಲ, ಸರಪಳಿ ಸರಿಯಾಗಿ ಸಿಕ್ಕಿಸಿರಲಿಲ್ಲ ಎಂದು ರೈಲ್ವೆ ಹೇಳಿತು. ಕಬ್ಬಿಣ ಎಷ್ಟೇ ಗಟ್ಟಿ ಇರಲಿ, ಭಾರ ಹೊರುವುದು ಕೊಂಡಿ ಮತ್ತು ಬೋಲ್ಟು. ಮೇಲೆ ಮಲಗಿದವನಷ್ಟೇ ಕೆಳಗೆ ಮಲಗಿದವನ ಜೀವವೂ ಅದರಲ್ಲಿದೆ.

ಮಕ್ಕಳ ಅಳತೆ ಬಂದದ್ದು ಯಾವಾಗ?

ಹಡಗು, ಯಾತ್ರಿಕರ ಕೋಣೆ, ರೈಲು ಎಲ್ಲವೂ ದೊಡ್ಡವರ ದೇಹಕ್ಕೆ ಅಳೆದವು. ಮಗುವನ್ನು ಅಳೆದು ನಿಯಮ ಬರೆದದ್ದು ಸಾವುಗಳಾದ ಮೇಲೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1990ರಿಂದ 1998ರವರೆಗೆ ತನಗೆ ವರದಿಯಾದ ಬಂಕ್ ಬೆಡ್ ಸಾವುಗಳನ್ನು ಲೆಕ್ಕ ಹಾಕಿತು. ಮಕ್ಕಳ 89 ಸಾವು. ಎಲ್ಲರೂ ಮೇಲಿನಿಂದ ಬಿದ್ದು ಸತ್ತಿರಬೇಕೆಂದು ನಾನು ಊಹಿಸಿದ್ದೆ. ಅಲ್ಲ. ಅವುಗಳಲ್ಲಿ 57 ಮಕ್ಕಳು ಸತ್ತದ್ದು ಸಂದಿಯಲ್ಲಿ ಸಿಕ್ಕಿಹಾಕಿಕೊಂಡು. ಸಣ್ಣ ಮಕ್ಕಳ ದೇಹ ನುಸುಳುವ ಸಂದಿನಲ್ಲಿ ತಲೆ ನುಸುಳುವುದಿಲ್ಲ. ಆ ಅಂಕಿ ಓದಿದಾಗ ನನಗೆ ಮಗನ ನೇತಾಡುವ ಕಾಲು ನೆನಪಾಗಿ ಫೋನ್ ಕೆಳಗಿಟ್ಟೆ.

1999ರ ಕೊನೆಯಲ್ಲಿ ಅಲ್ಲಿ ಕಡ್ಡಾಯ ನಿಯಮ ಬಂತು. ಮೇಲಿನ ಅಂತಸ್ತಿನ ಯಾವ ಸಂದೂ ಮೂರೂವರೆ ಇಂಚಿಗಿಂತ ಅಗಲ ಇರಬಾರದು, ಗೋಡೆಯ ಕಡೆಗೂ ರೇಲಿಂಗ್ ಬೇಕು, ರೇಲಿಂಗ್ ಹಾಸಿಗೆಗಿಂತ ಕನಿಷ್ಠ ಐದು ಇಂಚು ಮೇಲಿರಬೇಕು, ಆರು ವರ್ಷದೊಳಗಿನವರು ಮೇಲೆ ಮಲಗಬಾರದೆಂಬ ಎಚ್ಚರಿಕೆ ಮಂಚದ ಮೇಲೇ ಇರಬೇಕು. ನಮ್ಮ ದೇಶದಲ್ಲಿ ಬಿಐಎಸ್ 2022ರಲ್ಲಿ ಬಂಕ್ ಬೆಡ್‌ಗೆಂದೇ ಐಎಸ್ 17636 ಮಾನದಂಡ ತಂದಿತು. ಆದರೆ ನಮ್ಮಲ್ಲಿ ಹೆಚ್ಚಿನವರು ಮಂಚ ಮಾಡಿಸುವುದು ಊರಿನ ವೆಲ್ಡಿಂಗ್ ಶೆಡ್‌ನಲ್ಲಿ. ಅಲ್ಲಿ ಮಾನದಂಡ ಅಂದರೆ ನಾವು ಕೊಡುವ ಚೀಟಿ.

ನನ್ನ ಚೀಟಿಯ ತಪ್ಪು ಇದು: ಸಂದನ್ನು ಹಾಸಿಗೆಯ ಮೇಲ್ಮೈಯಿಂದ ಅಳೆದಿದ್ದೆ. ಅಲ್ಲಿಂದ ಒಂದೂವರೆ ಇಂಚು, ಬೆರಳು ಮಾತ್ರ ಹೋಗುವಷ್ಟು. ಆದರೆ ನಾಲ್ಕು ಇಂಚಿನ ಹಾಸಿಗೆ ಅಂಚಿನಲ್ಲಿ ಭಾರ ಬಿದ್ದರೆ ಅದುಮಿಹೋಗುತ್ತದೆ. ಕೆಳಗಿನ ಪ್ಲೈವುಡ್‌ನಿಂದ ಅಳೆದರೆ ನಿಜವಾದ ಸಂದು ಐದೂವರೆ ಇಂಚು. ಎರಡನೇ ತಪ್ಪು, ಮೇಲೆ ಮಗಳು, ಕೆಳಗೆ ಮಗ ಎಂದು ಹಂಚಿದ್ದೇ ಸಾಕೆಂದುಕೊಂಡದ್ದು. ಆ ರಾತ್ರಿ ಮಗಳು ಜ್ವರ ಬಂದು ಉಮ್ಮನ ಪಕ್ಕ ಮಲಗಿದ್ದಳು. ಮಗ ಖಾಲಿ ಮಂಚ ಬಿಡುತ್ತಾನೆಯೇ?

ನಿಮ್ಮ ಚೀಟಿಯಲ್ಲಿ ಇರಬೇಕಾದದ್ದು

ಮಂಚ ಕೊಳ್ಳುವುದಿದ್ದರೂ ಮಾಡಿಸುವುದಿದ್ದರೂ ಮೂರೂವರೆ ಇಂಚು ಅಗಲದ ಒಂದು ಮರದ ತುಂಡು ಕೈಯಲ್ಲಿ ಹಿಡಿದು ಹೋಗಿ. ಹಾಸಿಗೆ ತೆಗೆಸಿ, ರೇಲಿಂಗ್‌ನ ಕೆಳಗೆ, ಕಂಬಿಗಳ ನಡುವೆ, ತಲೆಯ ಕಡೆ, ಕಾಲಿನ ಕಡೆ ತೂರಿಸಿ ನೋಡಿ. ಎಲ್ಲಿಯಾದರೂ ತೂರಿದರೆ ಒಂದು ಪೈಪು ಹೆಚ್ಚು ಹಾಕಿಸಿ. ಗೋಡೆ ಇದೆಯಲ್ಲ ಎಂದು ಆ ಕಡೆಯ ರೇಲಿಂಗ್ ಬಿಡಬೇಡಿ, ಮಂಚ ಸರಿದರೆ ಅಲ್ಲೂ ಸಂದು ಬೀಳುತ್ತದೆ. ಮೇಲಿನ ಹಾಸಿಗೆ ತೆಳುವಾಗಿರಲಿ, ಪೂರ್ತಿ ಚೌಕಟ್ಟು ತುಂಬುವಂತಿರಲಿ.

ಕಾಲುಗಳಿಗೆ ನಾನು ಒಂದೂವರೆ ಇಂಚಿನ ಚೌಕ ಪೈಪು, 16 ಗೇಜ್ ಹಾಕಿಸಿದ್ದೇನೆ. ಟ್ಯಾಕ್ ಮಾತ್ರ ಹೊಡೆದು ಪೇಂಟ್ ಬಳಿದರೆ ಹೊರಗೆ ಗೊತ್ತಾಗುವುದಿಲ್ಲ. ಆದ್ದರಿಂದ ಪೇಂಟ್‌ಗೆ ಮೊದಲೇ ಹೋಗಿ ವೆಲ್ಡಿಂಗ್ ನೋಡಿ. ಮಂಚವನ್ನು ಗೋಡೆಗೆ ಬೋಲ್ಟ್ ಮಾಡಿ, ಬೋಲ್ಟ್‌ಗಳಿಗೆ ಲಾಕ್ ನಟ್ ಹಾಕಿ. ಮಕ್ಕಳು ಹತ್ತಿ ಇಳಿದು ಅಲುಗಾಡಿಸುತ್ತಲೇ ಇರುತ್ತಾರೆ, ತಿಂಗಳಿಗೊಮ್ಮೆ ಸ್ಪಾನರ್ ಹಿಡಿದು ಬಿಗಿ ಮಾಡಿ. ಪೈಪಿನ ಬಾಯಿಗಳಿಗೆ ಮುಚ್ಚಳ ಇರಲಿ.

ನಮ್ಮ ಮನೆಗಳಲ್ಲಿ ಮರೆಯಬಾರದ ಎರಡು ಸಂಗತಿ. ಒಂದು ಸೀಲಿಂಗ್ ಫ್ಯಾನ್. ಸೋಲಾಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮೇಲಿನ ಅಂತಸ್ತಿನಲ್ಲಿ ಸೆಕೆ ಇನ್ನೂ ಹೆಚ್ಚು. ಆದರೆ ಮಂಚ ಫ್ಯಾನ್‌ನ ರೆಕ್ಕೆಗೆ ಕೈ ಎಟುಕುವಲ್ಲಿ ಇರಲೇಬಾರದು. ನಾವು ಫ್ಯಾನ್ ತೆಗೆಸಿ ಎದುರಿನ ಗೋಡೆಗೆ ವಾಲ್ ಫ್ಯಾನ್ ಹಾಕಿದೆವು. ಇನ್ನೊಂದು ಶಾಲು, ಸೀರೆ, ಸೊಳ್ಳೆಪರದೆಯ ಹಗ್ಗ. ಮಕ್ಕಳು ಆಟಕ್ಕೆಂದು ರೇಲಿಂಗ್‌ಗೆ ಕಟ್ಟಿ ಜೋಕಾಲಿ ಮಾಡುತ್ತಾರೆ, ಅದು ಕುತ್ತಿಗೆಗೆ ಸುತ್ತಿಕೊಳ್ಳಲು ಒಂದು ಗಳಿಗೆ ಸಾಕು.

ಮಾರನೇ ವಾರ ಮಂಚವನ್ನು ಟೆಂಪೋದಲ್ಲಿ ಹಾಕಿಕೊಂಡು ಅಕ್ಕಲಕೋಟಕ್ಕೆ ಹೋದೆ. ಹಿರಿಯರು ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಮೊಮ್ಮಗನ ಮಂಚಾನೂ ನಾನs ಮಾಡೀನ್ರಿ" ಅಂದರು. ಇಬ್ಬರೂ ನನ್ನ ಮರದ ತುಂಡು ಹಿಡಿದು ಪಕ್ಕದ ಗಲ್ಲಿಯ ಅವರ ಮನೆಗೆ ಹೋದೆವು. ತಲೆಯ ಕಡೆ ಎರಡು ಕಂಬಿಗಳ ನಡುವೆ ತುಂಡು ಸಲೀಸಾಗಿ ತೂರಿತು. ಆ ದಿನ ಅವರು ಮೊದಲು ವೆಲ್ಡ್ ಮಾಡಿದ್ದು ಆ ಮಂಚವನ್ನು, ಆಮೇಲೆ ನನ್ನದನ್ನು. ಹೆಚ್ಚಿನ ಪೈಪಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಮರದ ತುಂಡನ್ನು ಮಾತ್ರ ಕೇಳಿ ಇಟ್ಟುಕೊಂಡರು.