ಮಧ್ಯಕಾಲೀನ ಕರ್ನಾಟಕದ ಸಂಗೀತ: ದೇವರ ಹಾಡು, ಲೋಕದ ಹಾಡು

ಬಾದಾಮಿ ಚಾಲುಕ್ಯರ ಕಾಲದಿಂದ ವಿಜಯನಗರ ಅಳಿದ ನಂತರದ ಒಂದೆರಡು ತಲೆಮಾರುಗಳವರೆಗೆ ಕನ್ನಡ ನಾಡಿನ ಗುಡಿ, ಅರಮನೆ, ಮಠ, ಕಣ, ಜಾತ್ರೆಗಳಲ್ಲಿ ಬೆಳೆದ ಹಾಡು, ವಾದ್ಯ, ಕುಣಿತಗಳ ಪರಂಪರೆಯೇ ಮಧ್ಯಕಾಲೀನ ಕರ್ನಾಟಕದ ಸಂಗೀತ. ಅದೇ ಕಾಲದ ಯುರೋಪಿನಲ್ಲಿ ಇಗರ್ಜಿಯ ಸಂಗೀತ ಒಂದು ಕಡೆ, ಅರಮನೆ ಮತ್ತು ಬೀದಿಯ ಸಂಗೀತ ಇನ್ನೊಂದು ಕಡೆ ಎಂದು ಎರಡು ಪಾಲು ಮಾಡಿ ನೋಡುವುದು ವಾಡಿಕೆ. ಇಲ್ಲಿನ ಶಾಸ್ತ್ರಕಾರರು ಗೆರೆ ಎಳೆದದ್ದು ಬೇರೆ ಕಡೆ. ಅವರ ವಿಂಗಡಣೆ ಮಾರ್ಗ ಮತ್ತು ದೇಶಿ. ನಿಯಮಕ್ಕೆ ಕಟ್ಟುಬಿದ್ದ ಹಳೆಯ ಸಂಗೀತ ಮಾರ್ಗ. ಹೆಂಗಸರು, ಮಕ್ಕಳು, ದನಗಾಹಿಗಳು, ಅರಸರು ತಮ್ಮ ತಮ್ಮ ನಾಡಿನಲ್ಲಿ ಇಷ್ಟಪಟ್ಟು ಹಾಡುವುದೆಲ್ಲ ದೇಶಿ ಎಂದು ಮತಂಗನ ‘ಬೃಹದ್ದೇಶಿ’ ವಿವರಿಸುತ್ತದೆ. ದನಗಾಹಿಯನ್ನೂ ಅರಸನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಈ ಮಾತು ಮುಂದಿನ ಸಾವಿರ ವರ್ಷಗಳ ಕನ್ನಡ ಸಂಗೀತಕ್ಕೆ ಕೀಲಿಕೈ ಇದ್ದ ಹಾಗೆ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಸೀಮೆ ದೊಡ್ಡ ರಾಜಧಾನಿಯನ್ನೇನೂ ಕಂಡದ್ದಲ್ಲ. ಆದರೂ ಈ ಚರಿತ್ರೆಯ ಮುಖ್ಯ ಘಟ್ಟಗಳಲ್ಲಿ ಅದರ ಊರುಗಳ ಹೆಸರು ಮತ್ತೆ ಮತ್ತೆ ಬರುತ್ತದೆ.

ಹಾಡಿನ ಮಟ್ಟುಗಳಲ್ಲಿ ಬಹಳ ಹಳೆಯದು ತ್ರಿಪದಿ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದು ಕಲ್ಲಿನ ಮೇಲೆ ಕಾಣಿಸುತ್ತದೆ. ವೀರನೊಬ್ಬನ ಹೊಗಳಿಕೆಗೆ ಅಲ್ಲಿ ಬಳಕೆಯಾದ ಮೂರು ಸಾಲಿನ ಇದೇ ಕಟ್ಟು ರಾಗಿ ಬೀಸುವ ಹೆಂಗಸರ ಬಾಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದು ಬಂತು. ಕನ್ನಡ ಸಂಗೀತದಲ್ಲಿ ಇಷ್ಟು ದೀರ್ಘ ಬಾಳಿಕೆಯ ಮಟ್ಟು ಇನ್ನೊಂದು ಸಿಗುವುದು ಕಷ್ಟ.

ಯಾವ ಹಾಡನ್ನು ಎಲ್ಲಿ ಹಾಡುತ್ತಿದ್ದರು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. 1130ರ ಆಸುಪಾಸಿನಲ್ಲಿ ಸಿದ್ಧವಾದ ಈ ಸಂಸ್ಕೃತ ಗ್ರಂಥದಲ್ಲಿ ಗೀತ, ವಾದ್ಯ, ನೃತ್ಯಗಳು ಅರಸನ ವಿನೋದಗಳ ಸಾಲಿನಲ್ಲಿ ಬರುತ್ತವೆ. ಕಥೆ ಹೇಳುವಾಗ ಷಟ್ಪದಿ, ಮದುವೆಯಲ್ಲಿ ಧವಳ, ಉತ್ಸವದಲ್ಲಿ ಮಂಗಳ, ಯೋಗಿಗಳಿಗೆ ಚರ್ಯಾ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿ ಎಂದು ಅರಸ ಒಂದೊಂದು ಹಾಡಿಗೂ ಅದರದೇ ಸಂದರ್ಭ ಹೇಳುತ್ತಾನೆ. ಒನಕೆಯ ಹಾಡು ರಾಜನ ಗ್ರಂಥದಲ್ಲಿ ಜಾಗ ಪಡೆದದ್ದು ಸಣ್ಣ ಸಂಗತಿಯಲ್ಲ. ಅವನ ಮಗ ಜಗದೇಕಮಲ್ಲನ ಹೆಸರಿನಲ್ಲಿ ‘ಸಂಗೀತ ಚೂಡಾಮಣಿ’ ಎಂಬ ಗ್ರಂಥವಿದೆ. ಸೋಮೇಶ್ವರ ಕಥೆಗೆ ಹೊಂದಿಸಿದ ಷಟ್ಪದಿಯನ್ನು ಹದಿಮೂರನೆಯ ಶತಮಾನದ ರಾಘವಾಂಕ ಕಾವ್ಯಕ್ಕೆ ಎತ್ತಿಕೊಂಡ. ಹದಿನೈದನೆಯ ಶತಮಾನದ ಕುಮಾರವ್ಯಾಸ ಅದರ ಭಾಮಿನಿ ಬಗೆಯಲ್ಲಿ ಭಾರತವನ್ನೇ ಹೇಳಿದ. ಹಳ್ಳಿಯ ಜಗಲಿಯಲ್ಲಿ ರಾಗ ಹಚ್ಚಿ ಅದನ್ನು ವಾಚಿಸುವ ಗಮಕ ಕಲೆಯ ಬೇರು ಅಲ್ಲಿದೆ.

ಗುಡಿಯ ಸಂಗೀತದ ಚಿತ್ರ ಶಾಸನಗಳಲ್ಲಿ ಸಿಗುತ್ತದೆ. ದೇವರ ಪೂಜೆ, ಅಲಂಕಾರ, ನೈವೇದ್ಯಕ್ಕೆ ಅಂಗಭೋಗವೆಂದೂ ಹಾಡು, ವಾದ್ಯ, ಕುಣಿತಕ್ಕೆ ರಂಗಭೋಗವೆಂದೂ ದತ್ತಿ ಬಿಡುತ್ತಿದ್ದರು. ಹಾಡುವವರು, ಕೊಳಲಿನವರು, ಮದ್ದಳೆಯವರು, ಕುಣಿಯುವ ಪಾತ್ರದವರು ಇವರಿಗೆಲ್ಲ ಭೂಮಿಯೋ ದವಸವೋ ಗೊತ್ತುಪಡಿಸಿರುತ್ತಿತ್ತು. ಅರಮನೆಯ ಕಡೆ ವಾದ್ಯವೇ ಅಧಿಕಾರದ ಗುರುತು. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಪಂಚಮಹಾಶಬ್ದಗಳನ್ನು ಮೊಳಗಿಸುವ ಹಕ್ಕನ್ನು ದೊಡ್ಡ ಅರಸ ತನ್ನ ಸಾಮಂತರಿಗೆ ಬಿರುದಿನಂತೆ ಕೊಡುತ್ತಿದ್ದ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯಲ್ಲಿ ಗುಡಿ ಮತ್ತು ಅರಮನೆ ಒಂದಾಗುತ್ತವೆ. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆಗಿದ್ದ ಪಾಂಡಿತ್ಯವನ್ನು ಶಾಸನಗಳು ಬಾಯಿತುಂಬ ಹೊಗಳುತ್ತವೆ. ಆಕೆ 1131ರಲ್ಲಿ ತೀರಿಕೊಂಡದ್ದು ಮಾಗಡಿಯ ಉತ್ತರಕ್ಕಿರುವ ಶಿವಗಂಗೆಯಲ್ಲಿ.

ಅದೇ ಹನ್ನೆರಡನೆಯ ಶತಮಾನದಲ್ಲಿ ಶರಣರು ದೇವರ ಮಾತನ್ನು ಗುಡಿಯ ಹೊರಗೆ ತಂದರು. ವಚನ ಮೂಲತಃ ಗದ್ಯಕ್ಕೆ ಹತ್ತಿರ. ಆದರೆ ರಾಗ ತಾಳಗಳನ್ನು ಸೂಚಿಸಿದ ಸ್ವರವಚನಗಳೂ ಶರಣರ ಹೆಸರಿನಲ್ಲಿ ಇವೆ. ಶರಣ ಸಕಳೇಶ ಮಾದರಸ ವೀಣೆಯಲ್ಲಿ ಗಟ್ಟಿಗನೆಂದು ಹೆಸರಾದವನು. ಹದಿನೈದನೆಯ ಶತಮಾನದ ಹೊತ್ತಿಗೆ ಕೊಳ್ಳೇಗಾಲ ಸೀಮೆಯ ನಿಜಗುಣ ಶಿವಯೋಗಿ ‘ಕೈವಲ್ಯ ಪದ್ಧತಿ’ಯ ಹಾಡುಗಳನ್ನು ರಾಗಕ್ಕೆ ಕಟ್ಟಿ, ‘ವಿವೇಕಚಿಂತಾಮಣಿ’ಯಲ್ಲಿ ಸಂಗೀತ ಶಾಸ್ತ್ರಕ್ಕೂ ಜಾಗ ಕೊಟ್ಟ.

ಹಾಡನ್ನು ಇನ್ನೂ ದೂರ ಒಯ್ದವರು ಹರಿದಾಸರು. ಈ ಕಥೆಯಲ್ಲಿ ಚನ್ನಪಟ್ಟಣದ ಹತ್ತಿರದ ಅಬ್ಬೂರಿಗೆ ಮೊದಲ ಮಣೆ. ಬ್ರಹ್ಮಣ್ಯತೀರ್ಥರ ಬೃಂದಾವನ ಇರುವುದು ಅಲ್ಲಿ. ಕನ್ನಡದಲ್ಲಿ ದೇವರನಾಮ ಹಾಡುವುದನ್ನು ಮಠದೊಳಗೆ ಗಟ್ಟಿಯಾಗಿ ನೆಲೆಗೊಳಿಸಿದ, ರಂಗವಿಠಲ ಅಂಕಿತದ ಶ್ರೀಪಾದರಾಜರು ಹುಟ್ಟಿದ ಊರು ಅಬ್ಬೂರೆಂದು ಸಂಪ್ರದಾಯ ಹೇಳುತ್ತದೆ. ಬನ್ನೂರಿನ ಹುಡುಗ ವ್ಯಾಸತೀರ್ಥರು (1460–1539) ಬ್ರಹ್ಮಣ್ಯತೀರ್ಥರ ಕೈಕೆಳಗೆ ಬೆಳೆದು, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿ, ವಿಜಯನಗರಕ್ಕೆ ಹೋದರು. ಪುರಂದರದಾಸರೂ (1484–1564) ಕನಕದಾಸರೂ ಅವರ ಸುತ್ತ ಕೂಡಿದರು. ಸಂಸ್ಕೃತದಲ್ಲಿ ತರ್ಕ ಬರೆಯುತ್ತಿದ್ದ ಯತಿಗಳೇ ಕನ್ನಡದಲ್ಲಿ ಹಾಡು ಕಟ್ಟಿದ್ದರಿಂದ ಬೀದಿಯ ಮಟ್ಟಿಗೆ ಮಠದ ಗೌರವ ದೊರೆಯಿತು.

ದಾಸರು ಹೊಸ ಮಟ್ಟುಗಳನ್ನು ಹುಟ್ಟಿಸಿದ್ದಕ್ಕಿಂತ ಜನರ ಬಳಿ ಇದ್ದವನ್ನು ಎತ್ತಿಕೊಂಡದ್ದೇ ಹೆಚ್ಚು. ತೊಟ್ಟಿಲ ಜೋಗುಳ ಕೃಷ್ಣನ ಲಾಲಿಯಾಯಿತು, ಕುಟ್ಟುವ ಹಾಡು ಸುವ್ವಿಯಾಯಿತು, ಮದುವೆಮನೆಯ ಸೋಬಾನೆ ವಾದಿರಾಜರ ಕೈಯಲ್ಲಿ ‘ಲಕ್ಷ್ಮೀ ಶೋಭಾನೆ’ಯಾಗಿ ಮತ್ತೆ ಮದುವೆಮನೆಗೇ ಮರಳಿತು. ಸುಳಾದಿಯ ಚರಿತ್ರೆಯೂ ಇದೇ ಬಗೆಯದು. ಆಸ್ಥಾನದ ಹಾಡು ಕುಣಿತಗಳಲ್ಲಿ ಬಳಕೆಯಲ್ಲಿದ್ದ ಸಾಲಗಸೂಡ ಎಂಬ ದೇಶಿ ಪ್ರಬಂಧಗಳಿಂದ ಅದು ಬಂತು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳು ಒಂದಾದ ಮೇಲೊಂದು ಬರುವ ಆ ಕಟ್ಟಿನಲ್ಲಿ ದಾಸರು ತತ್ತ್ವವನ್ನು ತುಂಬಿದರು. ಇಂದು ಕರ್ನಾಟಕ ಸಂಗೀತ ಕಲಿಯುವ ಮಗು ಅಲಂಕಾರಗಳಲ್ಲಿ ತಟ್ಟುವ ಸಪ್ತತಾಳಗಳು ಇವೇ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿವರಸೆಗಳಿಂದ ಪಾಠ ಶುರುಮಾಡುವ ಕ್ರಮವನ್ನು ಸಂಪ್ರದಾಯ ಪುರಂದರದಾಸರಿಗೇ ಸಲ್ಲಿಸುತ್ತದೆ. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಪ್ರಮೇಯ ಗುಡಿಯಲ್ಲಿ ಅಂಬೆಗಾಲಿಡುವ ನವನೀತಕೃಷ್ಣನ ವಿಗ್ರಹವಿದೆ. ದಾಸರ ‘ಜಗದೋದ್ಧಾರನ’ ಆ ಮೂರ್ತಿಯನ್ನು ಕಂಡು ಹುಟ್ಟಿದ ಹಾಡೆಂದು ಊರಿನವರ ನಂಬಿಕೆ. ಹಾಡಿನ ಮಾತು ಉಳಿದಿದೆ, ಆದರೆ ದಾಸರು ಹಾಡಿದ ಧಾಟಿಗಳಲ್ಲಿ ಬಹುಪಾಲು ಕಳೆದುಹೋಗಿವೆ. ಈಗ ಕಚೇರಿಗಳಲ್ಲಿ ಕೇಳುವ ದೇವರನಾಮಗಳ ರಾಗಗಳು ಹೆಚ್ಚಾಗಿ ನಂತರದವರು ಕೂಡಿಸಿದವು. ಕನ್ನಡ ಸಂಗೀತದ ದೊಡ್ಡ ನಷ್ಟಗಳಲ್ಲಿ ಇದೊಂದು.

ನಷ್ಟದ ಕಾರಣ ಬರವಣಿಗೆಯ ರೂಢಿಯಲ್ಲಿದೆ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಸನ್ಯಾಸಿ ಅರೆಜ್ಜೊದ ಗ್ವೀದೊ ಗೆರೆಗಳ ಮೇಲೆ ಸ್ವರ ಗುರುತಿಸುವ ಕ್ರಮವನ್ನು ಹದಗೊಳಿಸಿದ. ಹೀಗೆ ಬರೆದಿಟ್ಟದ್ದರಿಂದಲೇ ಮುಂದೆ ಪ್ಯಾರಿಸಿನ ನೋತ್ರದಾಮ್ ಇಗರ್ಜಿಯಲ್ಲಿ ಹಲವು ಧಾಟಿಗಳನ್ನು ಒಟ್ಟಿಗೆ ಹೆಣೆದು ಹಾಡುವ ಕ್ರಮ ಬೆಳೆಯಲು ಅನುವಾಯಿತು. ಇಲ್ಲಿ ಸ್ವರಾಕ್ಷರಗಳು ಗೊತ್ತಿದ್ದವು. ದೇವಗಿರಿಯ ಯಾದವರ ಆಸರೆಯಲ್ಲಿದ್ದ ಶಾರ್ಙ್ಗದೇವನ ಹದಿಮೂರನೆಯ ಶತಮಾನದ ‘ಸಂಗೀತ ರತ್ನಾಕರ’ದಲ್ಲಿ ಸ್ವರ ಹಾಕಿದ ಉದಾಹರಣೆಗಳೂ ಇವೆ. ಆದರೆ ಪಾಠ ನಡೆದದ್ದು ಬಾಯಿಂದ ಕಿವಿಗೆ. ಓಲೆಗರಿಯಲ್ಲಿ ರಾಗ, ತಾಳದ ಹೆಸರು ಬರೆದರೆ ಸಾಕು, ಮಿಕ್ಕದ್ದು ಗುರುವಿನ ಗಂಟಲಲ್ಲಿ. ಹಲವು ಧಾಟಿಗಳನ್ನು ಹೆಣೆಯುವ ಬದಲು ಒಂದೇ ಧಾಟಿಯ ಗಮಕ, ಶ್ರುತಿ, ತಾಳಗಳನ್ನು ಸೂಕ್ಷ್ಮಗೊಳಿಸುವತ್ತ ಇಲ್ಲಿನ ಶಕ್ತಿ ಹರಿಯಿತು.

ಶಾಸ್ತ್ರದಲ್ಲಿ ಈ ಕಾಲದ ದೊಡ್ಡ ಕೆಲಸ ರಾಗಗಳನ್ನು ಮೇಳಗಳಾಗಿ ವಿಂಗಡಿಸಿದ್ದು. ವಿದ್ಯಾರಣ್ಯರದೆನ್ನುವ ‘ಸಂಗೀತಸಾರ’ ಹದಿನೈದು ಮೇಳಗಳನ್ನು ಹೇಳಿತ್ತೆಂದು ನಂತರದ ಗ್ರಂಥದಿಂದ ತಿಳಿಯುತ್ತದೆ. ವಿಜಯನಗರದಲ್ಲಿ ಕಲ್ಲಿನಾಥ ‘ರತ್ನಾಕರ’ಕ್ಕೆ ವ್ಯಾಖ್ಯಾನ ಬರೆದ. 1550ರಲ್ಲಿ ರಾಮಾಮಾತ್ಯನ ‘ಸ್ವರಮೇಳಕಲಾನಿಧಿ’ ವೀಣೆಯ ಮೆಟ್ಟಿಲುಗಳನ್ನೇ ಆಧಾರವಾಗಿಟ್ಟು ಸ್ವರಸ್ಥಾನಗಳನ್ನು ನಿಗದಿ ಮಾಡಿತು. ಅದೇ ಶತಮಾನದ ಪುಂಡರೀಕ ವಿಠ್ಠಲ ಶಿವಗಂಗೆ ಬೆಟ್ಟದ ಹತ್ತಿರದ ಸಾತನೂರಿನವನು. ಕನಕಪುರದ ಸಾತನೂರು ಬೇರೆ. ಆ ಊರಿನಿಂದ ಹೊರಟ ಈ ಕನ್ನಡಿಗ ಖಾನದೇಶದ ಫಾರೂಕಿ ದೊರೆ ಬುರ್ಹಾನ್ ಖಾನನ ಆಸರೆಯಲ್ಲಿ ‘ಸದ್ರಾಗಚಂದ್ರೋದಯ’ ಬರೆದ. ಮುಂದೆ ಕಛವಾಹ ರಜಪೂತರ ಬಳಿ ‘ರಾಗಮಂಜರಿ’, ಅಕ್ಬರನ ಮೆಚ್ಚುಗೆಗಾಗಿ ‘ನರ್ತನನಿರ್ಣಯ’ ರಚಿಸಿದ. ಅವನ ‘ರಾಗಮಾಲಾ’ದ ಕಾಲ 1576. ದಕ್ಷಿಣದ ಮೇಳದ ಲೆಕ್ಕವನ್ನು ಉತ್ತರದ ರಾಗಗಳಿಗೆ ಹೊಂದಿಸಿ, ಪಾರಸಿ ರಾಗಗಳನ್ನೂ ಗುರುತಿಸಿದ ಇವನಿಗೆ ಹಿಂದೂಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡರ ಚರಿತ್ರೆಯಲ್ಲೂ ಪಾಲಿದೆ. ಹುಟ್ಟೂರಿನ ಸೀಮೆಯಲ್ಲಿ ಅವನ ಹೆಸರು ಇನ್ನೂ ಹೆಚ್ಚು ಕೇಳಬೇಕಿತ್ತು.

1565ರಲ್ಲಿ ವಿಜಯನಗರ ಹಾಳಾದ ಮೇಲೆ ಆಸ್ಥಾನ ಸಂಗೀತ ಚದುರಿತು. ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ ಕನ್ನಡ ಮೂಲದ ಗೋವಿಂದ ದೀಕ್ಷಿತ, ಅವನ ಮಗ ವೆಂಕಟಮಖಿ ಶಾಸ್ತ್ರವನ್ನು ಅಲ್ಲಿ ಮುಂದುವರಿಸಿದರು. ವೆಂಕಟಮಖಿಯ ‘ಚತುರ್ದಂಡೀ ಪ್ರಕಾಶಿಕೆ’ 72 ಮೇಳಗಳ ಲೆಕ್ಕ ಕೊಟ್ಟಿತು. ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) ದಖನಿ ಭಾಷೆಯ ‘ಕಿತಾಬ್-ಎ-ನೌರಸ್’ನ ಹಾಡುಗಳಲ್ಲಿ ಸರಸ್ವತಿಯನ್ನೂ ಕಲಬುರಗಿಯ ಬಂದೇ ನವಾಜರನ್ನೂ ನೆನೆದ.

ಅರಮನೆಗಳು ಬಿದ್ದರೂ ನಿಲ್ಲದೆ ನಡೆದದ್ದು ಒಕ್ಕಲುಗಳ, ದುಡಿಯುವ ಜಾತಿಗಳ ಗುರುಪಂಥದ ಹಾಡು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನು ನೀಲಗಾರರು ತಂಬೂರಿ, ಗಗ್ಗರ, ಡಕ್ಕೆಗಳೊಡನೆ ರಾತ್ರಿಯಿಡೀ ಹಾಡುತ್ತಾರೆ. ಮಲೆಯ ಮಾದಪ್ಪನ ಕಾವ್ಯವನ್ನು ದೇವರಗುಡ್ಡರು ಕಂಸಾಳೆ ಹಿಡಿದು ಸಾಲುಸಾಲಾಗಿ ಹೇಳುತ್ತಾರೆ. ಸಂಕಮ್ಮನ ಸಾಲು ಅವುಗಳಲ್ಲಿ ಪ್ರಸಿದ್ಧ. ಮುಖ್ಯ ಗಾಯಕ ಕಥೆ ನಡೆಸುತ್ತಾನೆ, ಹಿಮ್ಮೇಳದವರು ಸೊಲ್ಲು ಎತ್ತಿ ಹಿಡಿಯುತ್ತಾರೆ. ದೀಕ್ಷೆ ಪಡೆದವರೇ ಹಾಡಬೇಕೆಂಬ ಕಟ್ಟು ಇರುವುದರಿಂದ ಇದು ದೇವರ ಹಾಡು. ಆದರೆ ಅದರೊಳಗಿನ ಗಂಡ ಹೆಂಡಿರ ಜಗಳ, ಹಸಿವು, ಜಾತಿಯ ಅವಮಾನ ಎಲ್ಲವೂ ಲೋಕದ್ದೇ. ಶಿವರಾತ್ರಿಗೆ ಕನಕಪುರದ ಕಡೆಯಿಂದ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವವರ ದಾರಿಯಲ್ಲಿ ಈ ಪದಗಳು ಈಗಲೂ ಕೇಳುತ್ತವೆ. ಅದೇ ಸೀಮೆಯ ಊರಹಬ್ಬಗಳಲ್ಲಿ ಶಕ್ತಿದೇವತೆಯ ಪೂಜೆಯನ್ನು ತಲೆಯ ಮೇಲೆ ಹೊತ್ತು ತಮಟೆಯ ಗತ್ತಿಗೆ ಕುಣಿಯುವ ಪೂಜಾ ಕುಣಿತವಿದೆ.

ಈ ಎಲ್ಲ ವಾದ್ಯಗಳ ಹಿಂದೆ ಕುಶಲಕರ್ಮಿಗಳ ಕೈ ಇತ್ತು. 1800ರಲ್ಲಿ ಚನ್ನಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಅಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಆ ತಂತಿಗೆ ಇಂಡಿಯಾದ ದೂರದ ಊರುಗಳಿಂದಲೂ ಬೇಡಿಕೆ ಇತ್ತು. ಇಂದು ಅರಗಿನ ಬೊಂಬೆಗಳಿಗೆ ಹೆಸರಾದ ಊರು ಆಗ ನಾಡಿನ ವೀಣೆ, ತಂಬೂರಿಗಳಿಗೆ ದನಿ ಕೊಡುತ್ತಿತ್ತು. ಜನಪದ ವಾದ್ಯಗಳ ದೊಡ್ಡ ಸಂಗ್ರಹವೂ ಹಾಡುಗಳ ಧ್ವನಿಮುದ್ರಣಗಳೂ ಈಗ ರಾಮನಗರದ ಬಳಿಯ ಜಾನಪದ ಲೋಕದಲ್ಲಿವೆ. ಎಚ್. ಎಲ್. ನಾಗೇಗೌಡರು ಅದನ್ನು 1994ರಲ್ಲಿ ಆರಂಭಿಸಿದರು.