ಗುದ್ದಲಿ ಬಿದ್ದ ನೆಲ

ಕೊಪ್ಪಳ ಜಿಲ್ಲೆಯ ಇರಕಲ್ಲಗಡದಿಂದ ಗಂಗಾವತಿ ಕಡೆಗಿನ ಸೀಮೆಯಲ್ಲಿ ಗುಡ್ಡ, ಕೋಟೆ, ಹಾಳುಗುಡಿ ಇದ್ದಲ್ಲೆಲ್ಲ ನಿಧಿಯ ಮಾತೂ ಇರುತ್ತದೆ. ಏಳು ಹೆಡೆಯ ಹಾವು ಕಾಯುತ್ತದಂತೆ, ಅಂಜನ ಹಾಕಿದವರಿಗೆ ಕೊಪ್ಪರಿಗೆ ಕಂಡಿತ್ತಂತೆ. ಅಮಾವಾಸ್ಯೆಯ ಮರುದಿನ ದನಗಾಹಿಗಳ ಕಣ್ಣಿಗೆ ಬೀಳುವುದು ಕುಂಕುಮ ಹಚ್ಚಿದ ಲಿಂಬೆಹಣ್ಣು, ಪಕ್ಕದಲ್ಲೊಂದು ಬಾಯ್ದೆರೆದ ಗುಂಡಿ. ಈಗೀಗ ಅಂಜನದ ಜತೆಗೆ ಮೆಟಲ್ ಡಿಟೆಕ್ಟರೂ ಬಂದಿದೆ. ಗುಂಡಿ ಮಾತ್ರ ಹಳೆಯ ಥರದ್ದೇ: ತೋಡಿದವರು ಮುಚ್ಚುವುದಿಲ್ಲ.

2019ರ ಜುಲೈ 17ರ ರಾತ್ರಿ ಆನೆಗುಂದಿ ಬಳಿಯ ನವವೃಂದಾವನ ನಡುಗಡ್ಡೆಯಲ್ಲಿ ಇದೇ ನಡೆಯಿತು. ತುಂಗಭದ್ರೆಯ ನಡುವಿನ ಆ ಜಾಗದಲ್ಲಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿವೆ. ಕೃಷ್ಣದೇವರಾಯನ ಗುರುವೆಂದು ಹೆಸರಾದ, 1539ರಲ್ಲಿ ತೀರಿಕೊಂಡ ವ್ಯಾಸರಾಜರ ವೃಂದಾವನವನ್ನೇ ಕಿತ್ತು ಚೆಲ್ಲಿದ್ದರು. ಭಕ್ತರು ಓಡಿ ಬಂದು ಕಲ್ಲು ಹೊಂದಿಸಿ ಬೇಗನೆ ಮತ್ತೆ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಪೊಲೀಸರು ಆಂಧ್ರ ಕಡೆಯ ತಂಡವೊಂದನ್ನು ಹಿಡಿದರು. ಸಂನ್ಯಾಸಿಯ ಸಮಾಧಿಯಲ್ಲಿ ಬಂಗಾರ ಇರುತ್ತದೆಂದು ಅವರಿಗೆ ಹೇಳಿದವರು ಯಾರೋ!

ಇದೇ ಸೀಮೆಯ ಹಿರೇಬೆಣಕಲ್ಲಿನ ಕಥೆ ಇನ್ನೂ ವಿಚಿತ್ರ. ಗುಡ್ಡದ ಮೇಲೆ ನಾಲ್ಕುನೂರಕ್ಕೂ ಮಿಕ್ಕಿದ ಬೃಹತ್ ಶಿಲಾ ರಚನೆಗಳು, ಜನರ ಬಾಯಲ್ಲಿ ‘ಮೊರೇರ ಮನೆ’. ಚಪ್ಪಡಿ ಗೋಡೆ, ಚಪ್ಪಡಿ ಮಾಡು, ಎದುರಿನ ಕಲ್ಲಿಗೊಂದು ದುಂಡು ಕಿಂಡಿ. ಕಬ್ಬಿಣ ಯುಗದವರು ಅಲ್ಲಿಯದೇ ಬಂಡೆಯನ್ನು ಸೀಳಿ ಸತ್ತವರಿಗಾಗಿ ಎಬ್ಬಿಸಿದ ಮನೆಗಳಿವು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಅನೇಕ ಮನೆಗಳು ಬರೀ ಬಂಡೆಯ ಮೇಲೇ ನಿಂತಿವೆ. ಕೆಳಗೆ ಹೂಳಲು ಮಣ್ಣೇ ಇಲ್ಲದಲ್ಲಿ ನಿಧಿ ಎಲ್ಲಿಂದ ಬರಬೇಕು? ಆದರೂ ಹಾರೆ ಹಾಕಿ ಚಪ್ಪಡಿ ಉರುಳಿಸಿದ್ದಾರೆ. ಇಂಥ ಗೋರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧ, ಮಣಿ, ಮೂಳೆ. ಕಳ್ಳನಿಗೆ ಅದು ಕಸ, ಎಸೆದು ಹೋಗುತ್ತಾನೆ.

ಚಿನ್ನ ಹುಡುಕಿದವರೆಲ್ಲ ಕೆಡಿಸಿಯೇ ಹೋದರೆಂದೇನಿಲ್ಲ. ನಿಜಾಮರ ಸೀಮೆಯಲ್ಲಿ ಚಿನ್ನದ ಗಣಿಯ ಎಂಜಿನಿಯರಾಗಿದ್ದ ಸಿ. ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯೊಂದರ ಮೇಲೆ ಅಕ್ಷರ ಕಂಡ. ಓದಿದರೆ ಅಶೋಕನ ಶಾಸನ, ಅದೂ ರಾಜನ ಹೆಸರನ್ನೇ ಹೇಳುವಂಥದ್ದು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ದಂಥ ಬಿರುದುಗಳಷ್ಟೇ ಇದ್ದವು. ಬಂಡೆಗೆ ಯಾರೂ ಹಾರೆ ಹಾಕಲಿಲ್ಲ, ನೋಡಿದರು, ಅಚ್ಚು ತೆಗೆದರು, ಪ್ರಕಟಿಸಿದರು. 1931ರಲ್ಲಿ ಕೊಪ್ಪಳದಲ್ಲೇ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು ಬೆಳಕಿಗೆ ಬಂದವು.

ಅಗೆಯುವುದಕ್ಕೂ ಒಂದು ರೀತಿ ಇದೆ ಎಂದು ಈ ಭಾಗದಲ್ಲಿ ಮೊದಲು ತೋರಿಸಿದವನು ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಬಾಲರಾಜನ ಪರವಾಗಿ ಆಡಳಿತ ನೋಡಿಕೊಳ್ಳಲು 1841ರಲ್ಲಿ ಬಂದವನು, ಬಿಡುವಿನಲ್ಲಿ ಭೀಮಾ ಸೀಮೆಯ ಜೇವರ್ಗಿಯ ಕಲ್ಲುಗುಪ್ಪೆಗಳನ್ನು ಬಿಡಿಸಿದ. ಮೇಲಿಂದ ಕೆಳಗಿನವರೆಗೆ ಮಣ್ಣು ಯಾವ ಕ್ರಮದಲ್ಲಿದೆ, ಮೂಳೆ ಎಲ್ಲಿದೆ, ಮಡಕೆ ಎಲ್ಲಿದೆ ಎಂದು ಸೀಳುನೋಟದ ಚಿತ್ರ ಬರೆದ. ನೂರು ವರ್ಷದ ತರುವಾಯ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಆ ಚಿತ್ರಗಳನ್ನು ಮನಸಾರೆ ಹೊಗಳಿದ.

ಅದೇ ವ್ಹೀಲರ್ 1947ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಗೆದ. ಅವನ ಪದ್ಧತಿಯಲ್ಲಿ ನೆಲವನ್ನು ಚೌಕಗಳಾಗಿ ಗುರುತು ಮಾಡಿ, ಚೌಕ ಚೌಕದ ನಡುವೆ ಒಂದು ಪಟ್ಟಿ ಮಣ್ಣನ್ನು ಮುಟ್ಟದೆ ಬಿಡುತ್ತಾರೆ. ಆ ಪಟ್ಟಿಯ ಪಕ್ಕೆಯಲ್ಲಿ ಮಣ್ಣಿನ ಪದರಗಳು ಗೋಡೆಯಂತೆ ಎದ್ದು ಕಾಣುತ್ತವೆ. ಗುದ್ದಲಿಯ ಕೆಲಸ ಮೇಲ್ಪದರಕ್ಕಷ್ಟೇ, ಆಮೇಲೆ ಗಾರೆಯವರ ಕರಣೆ, ಕುಂಚ, ಜರಡಿ. ಎಲ್ಲ ಮುಗಿದ ಮೇಲೆ ಗುಂಡಿ ತುಂಬುತ್ತಾರೆ.

ಗುಂಡಿ ತುಂಬುವುದಷ್ಟೇ ಅಲ್ಲ, ಮೇಲಿನ ಹುಲ್ಲನ್ನೂ ಉಳಿಸುವ ಕಟ್ಟುನಿಟ್ಟು ಇಂಗ್ಲೆಂಡಿನ ಡಿಟೆಕ್ಟರ್ ಹವ್ಯಾಸಿಗಳದ್ದು. ಜಮೀನಿನ ಯಜಮಾನ ಒಪ್ಪಿದರೆ ಅಲ್ಲಿ ಡಿಟೆಕ್ಟರ್ ಹಿಡಿದು ಹೋಗಬಹುದು, ಸಿಕ್ಕ ನಿಧಿಗೆ 1996ರ ಕಾನೂನು ಅನ್ವಯಿಸುತ್ತದೆ. ಸಂಕೇತ ಬಂದ ಕಡೆ ಅವರು ಹುಲ್ಲನ್ನು ಮೂರು ಮಗ್ಗುಲಷ್ಟೇ ಕತ್ತರಿಸಿ, ನಾಲ್ಕನೆಯದನ್ನು ಬಿಟ್ಟು, ಬೇರುಮಣ್ಣಿನ ಸಮೇತ ಡಬ್ಬಿಯ ಮುಚ್ಚಳದಂತೆ ಎತ್ತಿ ಮಗುಚುತ್ತಾರೆ. ಒಳಗಿನ ಮಣ್ಣು ಹಾಳೆಯ ಮೇಲೆ. ವಸ್ತು ಸಿಕ್ಕಿತೋ ಇಲ್ಲವೋ, ಮಣ್ಣನ್ನು ಮತ್ತೆ ತುಂಬಿ, ಮುಚ್ಚಳ ಒತ್ತಿ, ನೀರು ಹಾಕಿ ಹೋಗುತ್ತಾರೆ. ಒಂದು ನಾಣ್ಯದ ಸದ್ದು ಸಾಮಾನ್ಯ ಡಿಟೆಕ್ಟರಿಗೆ ಕೇಳುವುದು ಹೆಚ್ಚೆಂದರೆ ಒಂದಡಿ ಒಳಗೆ. ಹಾಗಾಗಿ ದೊಡ್ಡ ಗುಂಡಿಯ ಅಗತ್ಯವೇ ಇರುವುದಿಲ್ಲ.

ಕೊಪ್ಪಳದಲ್ಲಿ ಅಂಥ ಹುಲ್ಲುಹಾಸು ಎಲ್ಲಿಯದು? ಮಸಾರಿ ನೆಲದಲ್ಲಿ ಮಳೆಗಾಲಕ್ಕೆ ಗರಿಕೆ ಹಬ್ಬಿದರೆ ಬೇರು ಮಣ್ಣನ್ನು ಹಿಡಿಯುತ್ತದೆ, ಬೇಸಿಗೆಗೆ ಒಣಗಿದ ಮೇಲೆ ಎತ್ತಲು ಹೋದರೆ ಪುಡಿಯಾಗುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ನೆಲದ ತಕರಾರೇ ಬೇರೆ. ಬಿಸಿಲಿಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಮಣ್ಣು, ಬೋಕಿ ಚೂರು, ನಾಣ್ಯ ಎಲ್ಲ ಆ ಬಿರುಕಿಗೆ ಜಾರುತ್ತವೆ. ಮಳೆ ಬಂದರೆ ಎರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ನಿನ್ನೆಯ ನಾಣ್ಯ ಸಾವಿರ ವರ್ಷದ ಹಿಂದಿನ ಪದರದಲ್ಲಿ ಕೂತಿರಬಹುದು. ಇಂಥಲ್ಲಿ ವಸ್ತುವಿಗಿಂತ ಅದು ಕೂತಿದ್ದ ಬಗೆಯೇ ಹೆಚ್ಚು ಹೇಳುತ್ತದೆ, ಕಿತ್ತು ಜೇಬಿಗೆ ಹಾಕಿಕೊಂಡವನು ಅದನ್ನೇ ಅಳಿಸಿಬಿಡುತ್ತಾನೆ.

ನಿಧಿಯ ವಿಷಯದಲ್ಲಿ ಕಾನೂನು ಹಳೆಯದು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದು ಬ್ರಿಟಿಷರ ಕಾಯ್ದೆ 1878ರಲ್ಲೇ ಹೇಳಿತ್ತು. ಹಕ್ಕುದಾರರು ಬೇರೆ ಯಾರೂ ಇಲ್ಲದಿದ್ದರೆ ಸಿಕ್ಕಿದವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು ಪಾಲು ಸಲ್ಲುತ್ತಿತ್ತು. ಸರಕಾರವೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಇನ್ನೂ ಐದರಲ್ಲೊಂದು ಭಾಗ ಕೊಡಬೇಕಿತ್ತು. ಮುಚ್ಚಿಟ್ಟವನಿಗೆ ಆ ಪಾಲೂ ಇರಲಿಲ್ಲ, ಜೈಲೂ ಆಗಬಹುದಿತ್ತು. 1962ರಲ್ಲಿ ಈ ರಾಜ್ಯಕ್ಕೆ ತನ್ನದೇ ನಿಧಿ ಕಾಯ್ದೆ ಬಂತು. ಸಂರಕ್ಷಿತ ಸ್ಮಾರಕದ ಜಾಗದಲ್ಲಂತೂ ಪರವಾನಗಿ ಇಲ್ಲದೆ ಗುದ್ದಲಿ ಎತ್ತುವ ಹಾಗೇ ಇಲ್ಲ. ನೇಗಿಲಿಗೆ ಮಡಕೆ ತಗುಲಿದ ರೈತ ಗಳೆ ನಿಲ್ಲಿಸಿ, ಮಡಕೆಯನ್ನು ಅಲ್ಲೇ ಬಿಟ್ಟು ತಹಶೀಲ್ದಾರರ ಕಚೇರಿಗೆ ಸುದ್ದಿ ಮುಟ್ಟಿಸಿದರೆ, ಅದರ ಸುತ್ತಲಿನ ಮಣ್ಣೂ ಪರೀಕ್ಷೆಗೆ ಸಿಗುತ್ತದೆ.