ಆನ್‌ಲೈನ್ ಮಾರಾಟದಲ್ಲಿ ಮೋಸದ ಗಿರಾಕಿಗಳು

ಆ್ಯಪ್‌ನಲ್ಲೋ ಜಾಲತಾಣದಲ್ಲೋ ವಸ್ತುವೊಂದನ್ನು ಮಾರಾಟಕ್ಕಿಟ್ಟವರನ್ನು ಕೊಳ್ಳುವವರ ಸೋಗಿನಲ್ಲಿ ಬಂದು ವಂಚಿಸುವ ಅಪರಾಧ. ಇದರಲ್ಲಿ ಹಲವು ಬಗೆಗಳಿವೆ. ಕೆಲವರು ಹಣ ಕೊಡದೆ ವಸ್ತು ಒಯ್ಯುತ್ತಾರೆ, ಕೆಲವರು ಹೊಸ ವಸ್ತು ಪಡೆದು ಅದರ ಬದಲು ಹಳೆಯದನ್ನು ವಾಪಸು ಕಳಿಸುತ್ತಾರೆ. ಭಾರತದಲ್ಲಿ ಎಲ್ಲಕ್ಕಿಂತ ಕುಖ್ಯಾತವಾದ ಬಗೆಯಲ್ಲಿ ವಂಚಕ ವಸ್ತುವಿನ ಗೊಡವೆಗೇ ಹೋಗುವುದಿಲ್ಲ. ಹಣ ಪಡೆಯಬೇಕಾದವರ ಖಾತೆಯಿಂದಲೇ ಹಣ ಎತ್ತಿಕೊಂಡು ಹೋಗುತ್ತಾನೆ. ಕೊಳ್ಳುವಾಗ ಎಚ್ಚರವಿರಲಿ ಎಂಬ ಬುದ್ಧಿಮಾತು ಎಲ್ಲರಿಗೂ ಗೊತ್ತು. ಮಾರುವಾಗಲೂ ಅಷ್ಟೇ ಎಚ್ಚರ ಬೇಕು ಎಂಬುದು ಬಹಳ ಜನರಿಗೆ ಹಣ ಹೋದ ಮೇಲೆಯೇ ತಿಳಿಯುತ್ತದೆ.

ಹಿನ್ನೆಲೆ

ಅಪರಿಚಿತರ ನಡುವಿನ ಆನ್‌ಲೈನ್ ವ್ಯಾಪಾರವನ್ನು ಜನಪ್ರಿಯಗೊಳಿಸಿದ ಇಬೇ 1995ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಕೊಂಡವರು, ಮಾರಿದವರು ಪರಸ್ಪರರ ಬಗ್ಗೆ ಅಭಿಪ್ರಾಯ ಬರೆಯುವ ಪದ್ಧತಿಯೇ ಅಲ್ಲಿ ನಂಬಿಕೆಗೆ ಆಧಾರವಾಗಿತ್ತು. 2008ರಲ್ಲಿ ಮಾರುವವರು ಕೊಂಡವರಿಗೆ ಕೆಟ್ಟ ಅಂಕ ಕೊಡುವ ಅವಕಾಶವನ್ನು ಕಂಪನಿ ತೆಗೆದುಹಾಕಿತು. ಅಂಕಕ್ಕೆ ಅಂಕ ಎಂದು ಸೇಡು ತೀರಿಸಿಕೊಳ್ಳುವುದು ನಿಂತಿತು ನಿಜ, ಆದರೆ ಗಿರಾಕಿ ಎಂಥವನು ಎಂದು ತಿಳಿಯುವ ದಾರಿಯೂ ಮುಚ್ಚಿಹೋಯಿತು. ನಂತರ ಬಂದ ಹಲವು ದೊಡ್ಡ ಮಾರುಕಟ್ಟೆ ತಾಣಗಳಲ್ಲಿಯೂ ಅಂಕ ಬೀಳುವುದು ಮಾರುವವರಿಗೆ ಮಾತ್ರ.

ಭಾರತದಲ್ಲಿ ಹಳೆಯ ಸಾಮಾನು ಮಾರುವ ಜಾಹೀರಾತು ತಾಣಗಳು ಹಬ್ಬಿದ ಮೊದಲ ವರ್ಷಗಳಲ್ಲಿ ವ್ಯವಹಾರ ಎದುರುಬದುರೇ ನಡೆಯುತ್ತಿತ್ತು. ಫೋನ್ ಮಾಡಿದವರು ಮನೆಗೆ ಬಂದು, ಮಂಚವನ್ನೋ ಮಿಕ್ಸಿಯನ್ನೋ ತಿರುಗಿಸಿ ನೋಡಿ, ಚೌಕಾಸಿ ಮಾಡಿ, ನೋಟು ಎಣಿಸಿ ಕೊಟ್ಟು ಹೋಗುತ್ತಿದ್ದರು. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಕೊಡಲು ಎದುರು ನಿಲ್ಲಬೇಕಾದ ಅಗತ್ಯ ಉಳಿಯಲಿಲ್ಲ. ನೋಡದ ಊರಿನ, ನೋಡದ ಮುಖದ ಗಿರಾಕಿ ಹುಟ್ಟಿಕೊಂಡದ್ದು ಆಗ.

ಪಿನ್ ಒತ್ತಿಸುವ ಮೋಸ

ಇದು ನಡೆಯುವ ಕ್ರಮ ಹೆಚ್ಚುಕಡಿಮೆ ಒಂದೇ. ಜಾಹೀರಾತು ಹಾಕಿದ ಕೆಲವೇ ಹೊತ್ತಿನಲ್ಲಿ ಕರೆ ಬರುತ್ತದೆ. ಮಾತು ಹಿಂದಿಯಲ್ಲಿ, ಬಹಳ ವಿನಯದಿಂದ. ಹೇಳಿದ ಬೆಲೆಗೆ ಚೌಕಾಸಿಯೇ ಇಲ್ಲದೆ ಒಪ್ಪಿಗೆ. ವಸ್ತು ನೋಡಬೇಕೆಂಬ ಆಸೆಯೂ ಇಲ್ಲ. ಕರೆ ಮಾಡಿದವನು ತಾನು ಸೈನಿಕ ಅಥವಾ ಸಿಐಎಸ್ಎಫ್ ಜವಾನ ಎನ್ನುತ್ತಾನೆ. ವರ್ಗವಾಗಿದೆ, ತಾನು ಬರಲಾಗದು, ನಾಳೆ ಹುಡುಗ ಗಾಡಿ ತಂದು ಸಾಮಾನು ಒಯ್ಯುತ್ತಾನೆ, ಹಣ ಮಾತ್ರ ಈಗಲೇ ಹಾಕಿಬಿಡುತ್ತೇನೆ ಎನ್ನುತ್ತಾನೆ. ವಾಟ್ಸ್‌ಆ್ಯಪ್‌ಗೆ ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ಬಂದು ಬೀಳುತ್ತವೆ. ಸೇನಾ ನೆಲೆಗಳಿರುವ ಊರಿನಲ್ಲಿ ಈ ಕಥೆಗೆ ಇನ್ನಷ್ಟು ಬಲ. ಜಾಲಹಳ್ಳಿ, ಯಲಹಂಕದ ಹೆಸರು ಹೇಳಿದರೆ ಬೆಂಗಳೂರಿನವರಿಗೆ ಅನುಮಾನ ಬರುವುದು ಕಷ್ಟ.

ಮೊದಲು ಒಂದು ರೂಪಾಯಿಯೋ ಹತ್ತು ರೂಪಾಯಿಯೋ ನಿಜವಾಗಿಯೇ ಜಮಾ ಆಗುತ್ತದೆ. ಬಂತೇ ಎಂದು ಕೇಳುತ್ತಾನೆ, ಬಂದಿರುತ್ತದೆ. ಎದುರಿಗಿನವರ ಮನಸ್ಸು ಸಡಿಲವಾಗುವುದು ಇಲ್ಲಿಯೇ. ಆಮೇಲೆ ಕ್ಯೂಆರ್ ಕೋಡ್ ಒಂದನ್ನು ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಪೂರ್ತಿ ಹಣ ನಿಮ್ಮ ಖಾತೆಗೆ ಬರುತ್ತದೆ ಎನ್ನುತ್ತಾನೆ. ಕ್ಯೂಆರ್ ಕೋಡ್ ಎಂದರೆ ಹಣ ತಲುಪಬೇಕಾದ ವಿಳಾಸ ಅಷ್ಟೇ. ಅದನ್ನು ಸ್ಕ್ಯಾನ್ ಮಾಡಿದವರು ಹಣ ಕೊಡುವವರಾಗುತ್ತಾರೆಯೇ ಹೊರತು ಪಡೆಯುವವರಾಗುವುದಿಲ್ಲ. ಯುಪಿಐನಲ್ಲಿ ಹಣ ಕಳಿಸಲು, ಬ್ಯಾಲೆನ್ಸ್ ನೋಡಲು ಪಿನ್ ಬೇಕು. ಹಣ ಪಡೆಯಲು ಎಂದೆಂದಿಗೂ ಬೇಡ. ಇಡೀ ಮೋಸ ನಿಂತಿರುವುದು ಈ ಒಂದು ಸಂಗತಿಯ ಅಜ್ಞಾನದ ಮೇಲೆ.

ಇದರ ಇನ್ನೊಂದು ರೂಪ ‘ಕಲೆಕ್ಟ್ ರಿಕ್ವೆಸ್ಟ್’, ಅಂದರೆ ಹಣ ಕೋರಿ ಕಳಿಸುವ ಸಂದೇಶ. ಅದರಲ್ಲಿ ಷರಾ ಬರೆಯಲು ಜಾಗವಿತ್ತು. ವಂಚಕರು ಅಲ್ಲಿ ‘ನಿಮ್ಮ ಖಾತೆಗೆ ₹15,000 ಜಮಾ’ ಎಂಬಂಥ ಮಾತು ತುಂಬುತ್ತಿದ್ದರು. ಅದರ ಕೆಳಗೇ ‘ಪೇ’ ಎಂಬ ಗುಂಡಿ ಇರುತ್ತಿತ್ತು. ಮೇಲಿನ ಷರಾ ಓದಿದವರು ಗುಂಡಿಯ ಮೇಲಿನ ಪದವನ್ನು ಓದುತ್ತಿರಲಿಲ್ಲ, ಏಕೆಂದರೆ ಫೋನಿನಲ್ಲಿ ಆ ದನಿ ಬೇಗ, ಬೇಗ ಎಂದು ಅವಸರ ಮಾಡುತ್ತಲೇ ಇರುತ್ತಿತ್ತು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಇಂಥ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ವರ್ಷಗಳ ಹಿಂದೆಯೇ ಆಗಬೇಕಿದ್ದ ಕೆಲಸ ಇದು. ಕ್ಯೂಆರ್ ಕೋಡ್‌ನ ದಾರಿ ಈಗಲೂ ತೆರೆದೇ ಇದೆ.

ಮೊದಲ ಸಲ ಹಣ ಹೋದ ಮೇಲೂ ಮೋಸ ನಿಲ್ಲುವುದಿಲ್ಲ. ಅಯ್ಯೋ, ತಪ್ಪು ಕೋಡ್ ಕಳಿಸಿದೆ, ಈ ಹೊಸದನ್ನು ಸ್ಕ್ಯಾನ್ ಮಾಡಿದರೆ ಹೋದದ್ದೂ ಸೇರಿ ವಾಪಸು ಬರುತ್ತದೆ ಎನ್ನುತ್ತಾನೆ. ಕಳೆದುಕೊಂಡದ್ದನ್ನು ಹಿಡಿಯುವ ಗಾಬರಿಯಲ್ಲಿ ಜನ ಎರಡನೆಯ ಸಲವೂ ಒತ್ತುತ್ತಾರೆ. 2021ರ ಫೆಬ್ರವರಿಯಲ್ಲಿ, ಆಗಿನ ದೆಹಲಿ ಮುಖ್ಯಮಂತ್ರಿಯ ಕುಟುಂಬದ ಸದಸ್ಯರೊಬ್ಬರು ಹಳೆಯ ಸೋಫಾ ಮಾರಲು ಹೋಗಿ ಹೀಗೆಯೇ ಎರಡು ಕಂತಿನಲ್ಲಿ ₹34,000 ಕಳೆದುಕೊಂಡರು. ಮೋಸಹೋದವರನ್ನು ಆಸೆಬುರುಕರು, ಓದು ಬರಹ ಇಲ್ಲದವರು ಎಂದು ಜರೆಯುವುದು ಸುಲಭ, ಆದರೆ ಅದು ಸುಳ್ಳು. ಅವರು ಯಾವ ಲಾಟರಿಗೂ ಬಾಯಿ ಬಿಟ್ಟವರಲ್ಲ. ತಮ್ಮದೇ ವಸ್ತುವಿನ ನ್ಯಾಯವಾದ ಬೆಲೆ ಕೇಳಿದವರು, ಸೈನಿಕನೆಂದರೆ ಗೌರವ ಇಟ್ಟವರು.

ಈ ಕರೆಗಳ ಜಾಡು ಹಿಡಿದ ಪೊಲೀಸರು ಹಲವು ಬಾರಿ ತಲುಪಿದ್ದು ಹರಿಯಾಣದ ನೂಹ್, ರಾಜಸ್ಥಾನದ ಭರತಪುರ, ಅಲ್ವರ್ ಸುತ್ತಲ ಮೇವಾತ್ ಸೀಮೆಗೆ. 2023ರ ಏಪ್ರಿಲ್‌ನಲ್ಲಿ ಸುಮಾರು 5,000 ಪೊಲೀಸರು ನೂಹ್ ಜಿಲ್ಲೆಯ 14 ಹಳ್ಳಿಗಳ ಮೇಲೆ ಒಂದೇ ಹೊತ್ತಿಗೆ ದಾಳಿ ನಡೆಸಿದರು. ಬೇರೆಯವರ ಹೆಸರಿನ ಸಿಮ್, ಬಾಡಿಗೆಗೆ ಪಡೆದ ಬ್ಯಾಂಕ್ ಖಾತೆ, ಇವೆರಡು ಇಂಥ ಗುಂಪುಗಳ ಬಂಡವಾಳ.

ಸುಳ್ಳು ರಸೀದಿ

ಎದುರಿಗೇ ಬಂದು ಮೋಸ ಮಾಡುವವರೂ ಇದ್ದಾರೆ. ಮೊಬೈಲ್ ಕೊಳ್ಳಲು ಬಂದವನು ಹಣ ಹಾಕಿದೆ ಎಂದು ಹಸಿರು ಟಿಕ್ ಇರುವ ಪರದೆ ತೋರಿಸಿ ಹೊರಟುಹೋಗುತ್ತಾನೆ. ಅಂಥ ಪರದೆಯನ್ನು ಥೇಟ್ ಅಸಲಿಯಂತೆ ತಯಾರಿಸುವ ನಕಲಿ ಆ್ಯಪ್‌ಗಳಿವೆ. ಸರ್ವರ್ ಬಿಜಿ, ಅರ್ಧ ಗಂಟೆಯಲ್ಲಿ ಬರುತ್ತದೆ ಎಂಬ ಮಾತು ಇದರ ಜೊತೆಗಾರ. ಇನ್ನೊಂದು ಉಪಾಯದಲ್ಲಿ ₹5,000ದ ಬದಲು ₹50,000 ಜಮಾ ಆದಂತೆ ಸುಳ್ಳು ಎಸ್ಎಂಎಸ್ ಕಳಿಸಿ, ಸೊನ್ನೆ ಹೆಚ್ಚಾಯಿತು, ಉಳಿದದ್ದು ಹಿಂದಿರುಗಿಸಿ, ಆಸ್ಪತ್ರೆಯ ಹಣ ಅದು ಎಂದು ಅಳುತ್ತಾರೆ. ಬ್ಯಾಂಕಿನ ಸಂದೇಶ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಬಂದಿದ್ದರೆ ಅದು ಸುಳ್ಳು ಸಂದೇಶ. ಹಣ ಬಂದಿದೆಯೇ ಎಂಬುದಕ್ಕೆ ತಮ್ಮ ಖಾತೆಯ ಬ್ಯಾಲೆನ್ಸ್ ಒಂದೇ ಸಾಕ್ಷಿ.

ಕಾನೂನು ಇಲ್ಲಿ ಮಾರುವವರಿಗೆ ಒಂದು ಹಳೆಯ ಹಕ್ಕು ಕೊಟ್ಟಿದೆ. ಸರಕು ಮಾರಾಟ ಕಾಯ್ದೆಯ ಪ್ರಕಾರ, ಸಾಲದ ಮಾತು ಇಲ್ಲದಿದ್ದರೆ, ಹಣ ಸಲ್ಲುವವರೆಗೆ ವಸ್ತುವನ್ನು ತಮ್ಮ ವಶದಲ್ಲೇ ಇಟ್ಟುಕೊಳ್ಳಬಹುದು. ಕೈ ಬಿಟ್ಟ ಮೇಲೆ ಪರಿಸ್ಥಿತಿ ಬೇರೆ. ವಂಚಿಸಿ ಪಡೆದ ವಸ್ತುವನ್ನು, ಆ ಒಪ್ಪಂದ ರದ್ದಾಗುವ ಮೊದಲೇ ಏನೂ ಅರಿಯದ ಮೂರನೆಯವರಿಗೆ ಮಾರಿದ್ದರೆ, ಆ ಮೂರನೆಯವರ ಹಕ್ಕನ್ನು ಅದೇ ಕಾಯ್ದೆಯ 29ನೇ ಕಲಂ ಎತ್ತಿಹಿಡಿಯುತ್ತದೆ. ಆದ್ದರಿಂದ ಅರ್ಧ ಗಂಟೆ ಕಾಯಿರಿ ಎಂದವನನ್ನು ವಸ್ತುವಿನ ಜೊತೆಗೇ ಕೂರಿಸಿ ಕಾಯಿಸುವುದು ಒರಟುತನವಲ್ಲ.

ಅಮೆರಿಕದಲ್ಲಿ ಇದೇ ಆಟ ಚೆಕ್ಕಿನ ಮೇಲೆ ನಡೆಯುತ್ತದೆ. ಹೇಳಿದ ಬೆಲೆಗಿಂತ ಹೆಚ್ಚಿನ ಮೊತ್ತದ ‘ಕ್ಯಾಶಿಯರ್ಸ್ ಚೆಕ್’ ಕಳಿಸಿ, ಹೆಚ್ಚಿನದನ್ನು ಸಾಗಣೆಯವನಿಗೆ ಕೊಡಿ ಎನ್ನುತ್ತಾರೆ. ಅಲ್ಲಿನ ನಿಯಮದಂತೆ ಬ್ಯಾಂಕು ಕೆಲವೇ ದಿನಗಳಲ್ಲಿ ಹಣವನ್ನು ಬಳಕೆಗೆ ಬಿಡುತ್ತದೆ. ಚೆಕ್ ನಕಲಿ ಎಂದು ತಿಳಿಯುವುದು ವಾರಗಳ ನಂತರ. ಆಗ ಪೂರ್ತಿ ಮೊತ್ತವನ್ನು ಖಾತೆದಾರರೇ ತುಂಬಬೇಕು. ಓದು ಮುಗಿಸಿ ಊರಿಗೆ ಹೊರಡುವ ಮುನ್ನ ಮಂಚ, ಮೇಜು ಮಾರುವ ನಮ್ಮ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು.

ಹಳೆಯ ವಾಹನ

ವಾಹನ ಮಾರಾಟದಲ್ಲಿ ಎರಡು ಅಪಾಯಗಳಿವೆ. ಟೆಸ್ಟ್ ರೈಡ್‌ಗೆಂದು ಬೈಕ್ ಹತ್ತಿದವನು ತಿರುಗಿ ಬಾರದಿರುವುದು ಕಣ್ಣಿಗೆ ಕಾಣುವಂಥದ್ದು. ಇನ್ನೊಂದು ಮೌನವಾಗಿ ನಡೆಯುತ್ತದೆ: ಪೂರ್ತಿ ಹಣ ಕೊಟ್ಟು ಒಯ್ದವನು ಆರ್‌ಸಿಯಲ್ಲಿ ಹೆಸರು ಬದಲಾಯಿಸುವುದೇ ಇಲ್ಲ. ಸಿಗ್ನಲ್ ದಾಟಿದ ದಂಡದ ನೋಟಿಸು ಹಳೆಯ ಮಾಲೀಕರ ಮನೆಗೆ ಬರುತ್ತಿರುತ್ತದೆ. ಅಪಘಾತವಾದರಂತೂ ಕಥೆ ಗಂಭೀರ. ವಾಹನ ಕೈಯಿಂದ ಕೈಗೆ ಮಾರಾಟವಾಗಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರೇ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇದಕ್ಕಿರುವ ಅರ್ಜಿ ಫಾರಂ 29. ಖಾಲಿ ಫಾರಂಗಳಿಗೆ ಸಹಿ ಹಾಕಿ ಗಿರಾಕಿಯ ಕೈಗೋ ದಲ್ಲಾಳಿಯ ಕೈಗೋ ಕೊಟ್ಟು ಸುಮ್ಮನಾಗುವ ರೂಢಿ ನಮ್ಮಲ್ಲಿ ಬಲವಾಗಿದೆ, ಅದನ್ನು ಬಿಡಲೇಬೇಕು.

ವಾಪಸಾತಿಯ ಮೋಸ

ಫ್ಲಿಪ್‌ಕಾರ್ಟ್, ಅಮೆಜಾನ್, ಮೀಶೋದಂಥ ತಾಣಗಳಲ್ಲಿ ವಸ್ತು ಮಾರುವವರು ಬಹುಪಾಲು ಹೊರಗಿನ ವ್ಯಾಪಾರಿಗಳು. ವಿದೇಶಿ ಬಂಡವಾಳದ ಮಾರುಕಟ್ಟೆ ತಾಣ ತನ್ನದೇ ದಾಸ್ತಾನು ಇಟ್ಟು ಮಾರುವಂತಿಲ್ಲ ಎಂಬ ನಿಯಮವಿದೆ. ಹೀಗಾಗಿ ಸುಲಭ ವಾಪಸಾತಿಯ ಭರವಸೆ ಕೊಡುವುದು ತಾಣವಾದರೂ ಅದರ ಭಾರದಲ್ಲಿ ದೊಡ್ಡ ಪಾಲು ಬೀಳುವುದು ವ್ಯಾಪಾರಿಯ ಮೇಲೆ. ಸೀರೆಯನ್ನು ಒಂದು ಮದುವೆಗೆ ಉಟ್ಟು ಬೆವರಿನ ಕಲೆಯೊಂದಿಗೆ ಹಿಂದಿರುಗಿಸುವುದು, ಹೊಸ ಇಯರ್‌ಫೋನಿನ ಡಬ್ಬಿಯಲ್ಲಿ ಕೆಟ್ಟದ್ದನ್ನಿಟ್ಟು ಕಳಿಸುವುದು, ಡಬ್ಬಿ ಖಾಲಿ ಇತ್ತು ಎನ್ನುವುದು ಎಲ್ಲವೂ ಇಲ್ಲಿ ಸೇರುತ್ತವೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಆರ್ಡರ್ ಹಾಕಿ ಬಾಗಿಲಲ್ಲಿ ಬೇಡ ಎನ್ನುವವರದು ಅಪರಾಧವಲ್ಲದಿದ್ದರೂ ನಷ್ಟ ನಷ್ಟವೇ. ವ್ಯಾಪಾರಿಗಳು ಆರ್‌ಟಿಒ (ರಿಟರ್ನ್ ಟು ಒರಿಜಿನ್) ಎಂದು ಕರೆಯುವುದು ಹೀಗೆ ಬಾಗಿಲಿನಿಂದಲೇ ಹಿಂದಿರುಗಿದ ಪಾರ್ಸೆಲ್ಲನ್ನು.

ಅನುಭವಸ್ಥರು ಪ್ಯಾಕಿಂಗ್ ಮೇಜಿನ ಮೇಲೆ ಕ್ಯಾಮೆರಾ ಕಟ್ಟಿರುತ್ತಾರೆ. ವಸ್ತು, ಅದರ ಸೀರಿಯಲ್ ನಂಬರ್, ಟೇಪು, ಕೊರಿಯರ್ ಚೀಟಿ ಎಲ್ಲವೂ ಒಂದೇ ಓಟದಲ್ಲಿ, ನಡುವೆ ಕತ್ತರಿಸದ ವಿಡಿಯೊದಲ್ಲಿ ದಾಖಲಾಗುತ್ತವೆ. ವಾಪಸು ಬಂದದ್ದನ್ನು ಬಿಚ್ಚುವಾಗಲೂ ಹಾಗೆಯೇ, ಮೊದಲು ಚೀಟಿ ತೋರಿಸಿ ಆಮೇಲೆ ಬ್ಲೇಡು. ಬಟ್ಟೆಗೆ ಕಾಣುವ ಜಾಗದಲ್ಲಿ ದೊಡ್ಡ ಟ್ಯಾಗ್ ಹಾಕಿ, ಕಿತ್ತರೆ ವಾಪಸಿಲ್ಲ ಎನ್ನುತ್ತಾರೆ. ಪರಿಹಾರ ಕೇಳಲು ತಾಣಗಳಲ್ಲಿ ವ್ಯವಸ್ಥೆಯಿದೆ. ಅಮೆಜಾನ್‌ನಲ್ಲಿ ಅದಕ್ಕೆ ‘ಸೇಫ್‌-ಟಿ ಕ್ಲೇಮ್’ ಎಂದು ಹೆಸರು. ಗಡುವು ದಾಟಿದರೆ ಎಂಥ ವಿಡಿಯೊ ಇದ್ದರೂ ಪ್ರಯೋಜನವಿಲ್ಲ. ಒಬ್ಬ ಗಿರಾಕಿ ಎಷ್ಟು ಸಲ ಹೀಗೆ ಮಾಡಿದ್ದಾನೆ ಎಂಬ ಲೆಕ್ಕ ತಾಣದ ಬಳಿ ಇರುತ್ತದೆ, ವ್ಯಾಪಾರಿಗೆ ಕಾಣುವುದಿಲ್ಲ. ಇಳಕಲ್ ಸೀರೆಯನ್ನೋ ಚನ್ನಪಟ್ಟಣದ ಗೊಂಬೆಯನ್ನೋ ಮಾರುವ ಸಣ್ಣ ವ್ಯಾಪಾರಿಗೆ ಇದು ದೊಡ್ಡ ಅನ್ಯಾಯ.

ಕಾನೂನು ಮತ್ತು ದೂರು

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಇ-ಕಾಮರ್ಸ್ ನಿಯಮಗಳು ಕೊಳ್ಳುವವರ ರಕ್ಷಣೆಗೆ ಹುಟ್ಟಿದವು. ವಂಚನೆಗೊಳಗಾದ ಮಾರಾಟಗಾರರು ಕ್ರಿಮಿನಲ್ ಕಾನೂನನ್ನೇ ನೆಚ್ಚಬೇಕು. ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಂ ಅಡಿ ವಂಚನೆಗೆ ಏಳು ವರ್ಷದವರೆಗೆ ಸಜೆ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ, ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ಬೇರೆಯವರಂತೆ ನಟಿಸಿ ವಂಚಿಸಿದರೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಜಾಹೀರಾತು ತಾಣಗಳು ತಾವು ಮಧ್ಯವರ್ತಿಗಳಷ್ಟೇ ಎಂದು ಅದೇ ಕಾಯ್ದೆಯ 79ನೇ ಕಲಮಿನ ಆಶ್ರಯ ಪಡೆಯುತ್ತವೆ.

ಬ್ಯಾಂಕಿನ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಮುಖ್ಯ. ಖಾತೆದಾರರ ತಪ್ಪಿಲ್ಲದೆ ಹೊರಗಿನವರು ಹಣ ಎಗರಿಸಿದ್ದು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಖಾತೆದಾರರಿಗೆ ಹೊಣೆಯಿಲ್ಲ ಎನ್ನುತ್ತದೆ ಅದು. ತಾವೇ ಪಿನ್ ಒತ್ತಿದ್ದರೆ ಬ್ಯಾಂಕುಗಳು ಅದನ್ನು ಖಾತೆದಾರರ ಅಜಾಗರೂಕತೆ ಎನ್ನುತ್ತವೆ. ಆಗಲೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ ತಡಮಾಡದೆ ಬ್ಯಾಂಕಿಗೆ ಹೇಳುವುದರಿಂದ ಲಾಭವೇ ಹೊರತು ನಷ್ಟವಿಲ್ಲ.

ದೂರಿಗೆ ದೇಶಕ್ಕೆಲ್ಲ ಒಂದೇ ಸಂಖ್ಯೆ 1930. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ಬರೆದುಕೊಡಬಹುದು. ಕರೆ ಮಾಡಿದಾಗ ವ್ಯವಹಾರದ ಸಂಖ್ಯೆ, ಸಮಯ, ಮೊತ್ತ, ಹಣ ಹೋದ ಯುಪಿಐ ಐಡಿ ಕೇಳುತ್ತಾರೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿದು ಎಟಿಎಂನಲ್ಲಿ ಕರಗುವ ಮೊದಲು ಆ ಖಾತೆಯಲ್ಲಿ ಅದನ್ನು ತಡೆಹಿಡಿಯುವುದು ಈ ವ್ಯವಸ್ಥೆಯ ಕೆಲಸ. ಹಾಗೆ ತಡೆದದ್ದನ್ನು ಮರಳಿ ಪಡೆಯಲು ಹಲವು ಸಂದರ್ಭಗಳಲ್ಲಿ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಸೈಬರ್ ಅಪರಾಧಕ್ಕೇ ಮೀಸಲಾದ ಪೊಲೀಸ್ ಠಾಣೆ ದೇಶದಲ್ಲಿ ಮೊದಲು ಆರಂಭವಾದದ್ದು 2001ರಲ್ಲಿ ಬೆಂಗಳೂರಿನಲ್ಲಿ. ನಂತರ ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ದ್ರವ್ಯ ಅಪರಾಧಗಳಿಗೆ ಸಿಇಎನ್ ಠಾಣೆಗಳು ಬಂದವು.

ಚಾಟ್ ಅಳಿಸಬಾರದು, ನಂಬರ್ ಬ್ಲಾಕ್ ಮಾಡುವ ಮುನ್ನ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಹೋದದ್ದು ಎರಡೇ ಸಾವಿರ, ನಾಲ್ಕು ಜನರ ಮುಂದೆ ಹೇಳಿಕೊಂಡರೆ ನಾಚಿಕೆ ಎಂದು ಬಹಳ ಜನ ಸುಮ್ಮನಾಗುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ. ಅದೇ ಖಾತೆಗೆ ಬೇರೆ ಊರುಗಳಿಂದ ಬಂದ ದೂರುಗಳ ಜೊತೆ ನಿಮ್ಮದೂ ಸೇರಿದಾಗಲೇ ಪೊಲೀಸರಿಗೆ ಆ ಗುಂಪಿನ ಜಾಡು ಸಿಗುವುದು.